ನೋವಿನ ಗುಳಿಗೆ ಚಟವಾದಾಗ: ಉತ್ತರ ಕನ್ನಡದ ಆಶಾ, ನರ್ಸ್, ಪಿಎಚ್‌ಸಿ ವೈದ್ಯರಿಗೊಂದು ಕೈಪಿಡಿ

ನಮ್ಮ ಜಿಲ್ಲೆಯಲ್ಲಿ ನಶೆ ಎಂದರೆ ಮೊದಲು ನೆನಪಾಗುವುದು ಸಾರಾಯಿ, ಆಮೇಲೆ ಗಾಂಜಾ. ಶಾಲೆಯ ಜಾಗೃತಿ ಭಾಷಣದಲ್ಲೂ ಗ್ರಾಮಸಭೆಯಲ್ಲೂ ಇವೆರಡರದ್ದೇ ಮಾತು. ಸಾರಾಯಿಯಿಂದ ಹಾಳಾದ ಮನೆಗಳೇ ಹೆಚ್ಚು ಎನ್ನುವುದು ನಿಜ. ಆದರೆ ನಿದ್ದೆಯಲ್ಲೇ ಉಸಿರು ನಿಲ್ಲಿಸಿ ಕೊಲ್ಲುವ ಇನ್ನೊಂದು ಗುಂಪಿನ ಔಷಧಗಳಿವೆ. ಅವು ಸದ್ದಿಲ್ಲದೆ, ಹೆಚ್ಚಿನ ಸಲ ನೋವಿನ ಚೀಟಿಯ ಮೂಲಕವೇ ಮನೆಗೆ ಬರುತ್ತವೆ. ಅವೇ ಒಪಿಯಾಯ್ಡ್‌ಗಳು: ಅಫೀಮು, ಅದರಿಂದ ಬರುವ ಮಾರ್ಫಿನ್ ಮತ್ತು ಕೊಡೀನ್, ಬ್ರೌನ್ ಶುಗರ್ ಹೆಸರಲ್ಲಿ ಮಾರುವ ಹೆರಾಯಿನ್, ಕಾರ್ಖಾನೆಯಲ್ಲಿ ತಯಾರಾಗುವ ಟ್ರಮಡಾಲ್, ಟಪೆಂಟಡಾಲ್, ಪೆಂಟಜೋಸಿನ್, ಫೆಂಟನಿಲ್.

ದೆಹಲಿಯ ಏಮ್ಸ್ ನಡೆಸಿ 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ 10ರಿಂದ 75 ವರ್ಷದೊಳಗಿನ ಭಾರತೀಯರಲ್ಲಿ ಶೇ 2.1ರಷ್ಟು ಜನ ಒಪಿಯಾಯ್ಡ್ ಬಳಸುತ್ತಾರೆ. ಹೆರಾಯಿನ್ ಬಳಸುವವರು ಶೇ 1.14, ಔಷಧ ರೂಪದ ಒಪಿಯಾಯ್ಡ್ ಬಳಸುವವರು ಶೇ 0.96. ಇವೆರಡರ ನಡುವೆ ಅಂತರ ಎಷ್ಟು ಕಡಿಮೆ ನೋಡಿ. ಮೆಡಿಕಲ್ ಶಾಪ್‌ನ ಗುಳಿಗೆ ಮತ್ತು ಕೆಮ್ಮಿನ ಸಿರಪ್ಪು ಕಳ್ಳದಾರಿಯ ಪುಡಿಗೆ ಹೆಚ್ಚುಕಡಿಮೆ ಸಮವಾಗಿ ನಿಂತಿವೆ.

ಅಮೆರಿಕದಲ್ಲಿ ಈ ಸಂಕಟ ಶುರುವಾದದ್ದೂ ವೈದ್ಯರ ಚೀಟಿಯಿಂದಲೇ. 1996ರಲ್ಲಿ ಆಕ್ಸಿಕಾಂಟಿನ್ ಎಂಬ ನೋವಿನ ಗುಳಿಗೆ ಮಾರುಕಟ್ಟೆಗೆ ಬಂತು. ವೈದ್ಯರು ಧಾರಾಳವಾಗಿ ಬರೆದರು. ಮುಂದೆ ಚೀಟಿಗೆ ಬಿಗಿ ಮಾಡಿದಾಗ ಚಟಕ್ಕೆ ಬಿದ್ದವರು ಹೆರಾಯಿನ್‌ಗೆ ಹೋದರು, 2013ರ ಹೊತ್ತಿಗೆ ಕಳ್ಳ ಫೆಂಟನಿಲ್ ಬಂತು. 2021ರಿಂದ 2023ರವರೆಗೆ ಅಲ್ಲಿ ಮಾದಕ ವಸ್ತುಗಳ ಅತಿಸೇವನೆಯಿಂದ ವರ್ಷಕ್ಕೆ ಒಂದು ಲಕ್ಷಕ್ಕೂ ಹೆಚ್ಚು ಜನ ಸತ್ತರು, ಬಹುಪಾಲು ಒಪಿಯಾಯ್ಡ್‌ನಿಂದ. ನಮ್ಮ ಪರಿಸ್ಥಿತಿ ಅಷ್ಟು ದೊಡ್ಡದಲ್ಲ, ದಾರಿಯೂ ಅದೇ ಅಲ್ಲ. ಆದರೂ ಅಲ್ಲಿನ ಅನುಭವದಿಂದ ನಾವು ತೆಗೆದುಕೊಳ್ಳಬೇಕಾದ ಒಂದು ಸಂಗತಿ ಇದೆ. ಗುಳಿಗೆಯನ್ನು ಮಾತ್ರ ಕಿತ್ತುಕೊಂಡು ರೋಗಿಯನ್ನು ಹೊರಗೆ ಹಾಕಿದರೆ ಅವನು ಇನ್ನೂ ಕೆಟ್ಟದ್ದರ ಕಡೆ ಹೋಗುತ್ತಾನೆ. ಈ ಬರಹದ ಎಲ್ಲ ಹಂತಗಳೂ ಆ ಮಾತಿನ ಮೇಲೆಯೇ ನಿಂತಿವೆ: ಚಟ ಬಿಡಿಸುವ ಮೊದಲು, ಬಿಡಿಸುವಾಗ, ಬಿಟ್ಟ ಮೇಲೆ, ಮತ್ತೆ ಶುರುಮಾಡಿದ ಮೇಲೆ ಕೂಡ ಮನುಷ್ಯ ನಮ್ಮ ಕೈತಪ್ಪಿ ಹೋಗಬಾರದು.

ಮೊದಲ ಹಂತ: ನೋವಿನ ಜಾಡು ಹಿಡಿಯಿರಿ

ಕರಾವಳಿಯಲ್ಲೂ ಘಟ್ಟದ ಮೇಲೂ ಮೈಮುರಿಯುವ ಕೆಲಸಗಳಿಗೆ ಕೊರತೆಯಿಲ್ಲ. ಶಿರಸಿ, ಸಿದ್ದಾಪುರದಲ್ಲಿ ಅಡಿಕೆ ಮರ ಹತ್ತುವ ಕೊನೆಗೌಡರು ಇದ್ದಾರೆ. ಮರದಿಂದ ಬಿದ್ದು ಬೆನ್ನು ಕೆಟ್ಟವರು ಪ್ರತಿ ಊರಲ್ಲೂ ಒಬ್ಬರಾದರೂ ಸಿಗುತ್ತಾರೆ. ಬೈತಖೋಲ, ತದಡಿ, ಕಾಸರಕೋಡು, ಭಟ್ಕಳದ ಬಂದರುಗಳಲ್ಲಿ ರಾತ್ರಿಯಿಡೀ ಬಲೆ ಎಳೆಯುವ ಖಲಾಶಿಗಳು, ಚಿರೆಕಲ್ಲು ಹೊರುವವರು, ಹೆದ್ದಾರಿಯಲ್ಲಿ ನಿದ್ದೆಗೆಟ್ಟು ಲಾರಿ ಓಡಿಸುವವರು ಇದ್ದಾರೆ. ಆಪರೇಷನ್ ಆದ ಮೇಲೆ ಕೊಟ್ಟ ಗುಳಿಗೆಯನ್ನು ವರ್ಷವಾದರೂ ಬಿಡದ ಹೆಂಗಸರೂ ಇದ್ದಾರೆ. ಚಟ ಎಂದರೆ ಹುಡುಗರದ್ದು ಅಂದುಕೊಂಡು ನಾವು ಇವರನ್ನು ಹುಡುಕುವುದೇ ಇಲ್ಲ.

"ಏನಾದ್ರೂ ನಶೆ ಮಾಡ್ತೀರಾ?" ಎಂದು ಕೇಳಿದರೆ ಎಂಥವರೂ ಇಲ್ಲ ಎನ್ನುತ್ತಾರೆ. ನೋವಿನಿಂದ ಮಾತು ಶುರುಮಾಡಿ. ಕುಮಟಾ ಕಡೆಯ ಒಂದು ಮನೆಯ ಜಗಲಿಯಲ್ಲಿ ಮಾತು ಹೀಗೆ ಸಾಗಬಹುದು:

"ಸೊಂಟ ಹೇಗಿದೆ ಅಣ್ಣಾ?"

"ಗುಳಿಗೆ ತಗಂಡ್ರೆ ಅಡ್ಡಿಲ್ಲ ಅಕ್ಕೋರೇ."

"ದಿನಕ್ಕೆ ಎಷ್ಟು ಬೇಕಾಗ್ತದೆ?"

"ಮೊದ್ಲು ಎರಡು ಸಾಕಾಗ್ತಿತ್ತು. ಈಗ ಆರೇಳು."

"ಒಂದು ದಿನ ಸಿಗದೇ ಹೋದ್ರೆ?"

"ಮೈಯೆಲ್ಲ ಮುರಿದಂಗೆ ಆಗ್ತದೆ. ಮೂಗು ಸೋರ್ತದೆ, ಹೊಟ್ಟೆ ಹಾಳಾಗ್ತದೆ. ರಾತ್ರಿ ಕಣ್ಣೇ ಮುಚ್ಚೂದಿಲ್ಲ."

ಕೇಳಬೇಕಾದದ್ದು ಇಷ್ಟೇ. ಪ್ರಮಾಣ ಏರುತ್ತಾ ಹೋಗಿದೆ, ಸಿಗದ ದಿನ ಮೈ ಪ್ರತಿಭಟಿಸುತ್ತಿದೆ. ಇದರ ಜೊತೆ ನೋವಿಲ್ಲದ ದಿನವೂ ಗುಳಿಗೆ ಬೇಕೇ, ಅದಕ್ಕಾಗಿ ಸಾಲ ಮಾಡಿದ್ದೀರಾ, ಕೆಲಸ ತಪ್ಪಿದೆಯಾ ಎಂದು ಕೇಳಿದರೆ ಚಿತ್ರ ಪೂರ್ತಿಯಾಗುತ್ತದೆ. ಗುಳಿಗೆಯ ಖಾಲಿ ಹಾಳೆ ತೋರಿಸಲು ಹೇಳಿ. ಹೆಸರು ಗೊತ್ತಿಲ್ಲದವರೂ ಹಾಳೆಯನ್ನು ಜೇಬಿನಲ್ಲಿ ಇಟ್ಟುಕೊಂಡಿರುತ್ತಾರೆ, ಅಂಗಡಿಯಲ್ಲಿ ತೋರಿಸಿ ಕೊಳ್ಳಬೇಕಲ್ಲ. ಆ ಹಾಳೆಯ ಮೇಲಿನ ಔಷಧದ ಹೆಸರು ಮತ್ತು ಮಿಲಿಗ್ರಾಂ ಬರೆದುಕೊಳ್ಳಿ. ಮುಂದೆ ವೈದ್ಯರಿಗೆ ಅತಿ ಹೆಚ್ಚು ಉಪಯೋಗಕ್ಕೆ ಬರುವ ಮಾಹಿತಿ ಅದೇ.

ಕಣ್ಣಿನ ಪಾಪೆಯನ್ನೂ ಗಮನಿಸಿ. ಔಷಧದ ಅಮಲಿನಲ್ಲಿದ್ದಾಗ ಅದು ಸಾಸಿವೆಯಷ್ಟು ಕುಗ್ಗಿರುತ್ತದೆ. ಔಷಧ ಸಿಗದೆ ಒದ್ದಾಡುವಾಗ ಅಗಲವಾಗುತ್ತದೆ, ಜೊತೆಗೆ ಆಕಳಿಕೆ, ಕಣ್ಣೀರು, ರೋಮ ನಿಮಿರುವುದು, ಬೆವರು. ಬಹುಕಾಲದ ಮಲಬದ್ಧತೆಯೂ ಒಂದು ಸುಳಿವು.

ಸಾರಾಯಿ ಎಷ್ಟು, ನಿದ್ದೆ ಗುಳಿಗೆ ಇದೆಯೇ ಎಂದು ಪ್ರತಿಯೊಬ್ಬರನ್ನೂ ಕೇಳಲೇಬೇಕು. ಒಪಿಯಾಯ್ಡ್ ಜೊತೆ ಸಾರಾಯಿ, ಅಲ್ಪ್ರಜೋಲಾಮ್‌ನಂಥ ಗುಳಿಗೆ ಸೇರಿದರೆ ಮೂರೂ ಒಟ್ಟಿಗೆ ಉಸಿರನ್ನು ಅದುಮುತ್ತವೆ. ಬೇರೆ ಬೇರೆಯಾಗಿ ತಾಳಿಕೊಂಡ ಪ್ರಮಾಣವೇ ಒಟ್ಟಾದಾಗ ಸಾವು ತರಬಹುದು.

ಎರಡನೇ ಹಂತ: ಪೊಲೀಸ್ ಭಯ ಕಳೆಯಿರಿ

ಇಷ್ಟು ಹೇಳಿಕೊಂಡ ಮೇಲೆ ಎದುರಿಗಿರುವವನ ಮನಸ್ಸಿನಲ್ಲಿ ಬರುವ ಮೊದಲ ಪ್ರಶ್ನೆ: ಇವರು ಯಾರಿಗೆ ಹೇಳುತ್ತಾರೆ? ಟ್ರಮಡಾಲ್ 2018ರ ಏಪ್ರಿಲ್‌ನಿಂದ ಮಾದಕ ವಸ್ತುಗಳನ್ನು ನಿಯಂತ್ರಿಸುವ ಎನ್‌ಡಿಪಿಎಸ್ ಕಾಯ್ದೆಯಡಿ ಬಂದಿದೆ, ಜನರಿಗೂ ಅದರ ಹೆಸರು ಕೇಳಿದರೆ ಹೆದರಿಕೆ. ಆದರೆ 1985ರ ಇದೇ ಕಾಯ್ದೆಯ 64ಎ ಕಲಂ ವ್ಯಸನಿಗೆ ಒಂದು ಬಾಗಿಲು ತೆರೆದಿಟ್ಟಿದೆ. ಸೇವನೆಯ ಅಥವಾ ಅಲ್ಪ ಪ್ರಮಾಣದ ಆರೋಪವಿರುವ ವ್ಯಸನಿ ಸರ್ಕಾರಿ ಅಥವಾ ಸರ್ಕಾರ ಮಾನ್ಯ ಮಾಡಿದ ಕೇಂದ್ರದಲ್ಲಿ ತಾನಾಗಿಯೇ ಚಿಕಿತ್ಸೆಗೆ ಮುಂದಾದರೆ ಆ ಆರೋಪಕ್ಕೆ ವಿಚಾರಣೆಯಿಂದ ವಿನಾಯಿತಿ ಉಂಟು. ಚಿಕಿತ್ಸೆ ಪೂರ್ತಿ ಮಾಡದಿದ್ದರೆ ಆ ವಿನಾಯಿತಿ ಹಿಂದೆ ಹೋಗಬಹುದು ಎಂಬುದನ್ನೂ ತಿಳಿಸಿ. ಮಾರುವವರಿಗೆ ಈ ರಕ್ಷಣೆ ಇಲ್ಲ.

2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ ಮದ್ಯ ಮತ್ತು ಮಾದಕ ವಸ್ತುಗಳಿಂದಾದ ಮಾನಸಿಕ ಸ್ಥಿತಿಯೂ ಕಾಯಿಲೆಯ ವ್ಯಾಖ್ಯೆಯೊಳಗೇ ಇದೆ. ಆದ್ದರಿಂದ ಇವನು ರೋಗಿ, ರೋಗಿಗಿರುವ ಗೋಪ್ಯತೆಯ ಹಕ್ಕು ಇವನಿಗೂ ಇದೆ. ಸಣ್ಣ ಊರು, ಎಲ್ಲರಿಗೂ ಎಲ್ಲರ ಗುರುತು. ಆಶಾ ಡೈರಿಯಲ್ಲಿ ಹೆಸರಿನ ಮುಂದೆ ವ್ಯಸನಿ ಎಂದು ಬರೆಯಬೇಡಿ, ವೈದ್ಯಾಧಿಕಾರಿ ಜೊತೆ ಸೇರಿ ಒಂದು ಸಂಕೇತ ಇಟ್ಟುಕೊಳ್ಳಿ. ವಾಟ್ಸ್‌ಆ್ಯಪ್ ಗುಂಪಿನಲ್ಲಿ ಯಾವ ಕಾರಣಕ್ಕೂ ಹಾಕಬೇಡಿ.

ಗಂಜಡಿ, ಕುಡುಕ, ಪುಡಿ ಗಿರಾಕಿ ಎಂಬ ಮಾತುಗಳನ್ನು ಆಸ್ಪತ್ರೆಯ ಒಳಗಿನವರು ಮೊದಲು ಬಿಡಬೇಕು. ಓಪಿಡಿಯ ಸಾಲಿನಲ್ಲಿ ಹಾಗೆ ಒಮ್ಮೆ ಕರೆಸಿಕೊಂಡವನು ಮತ್ತೆ ಆ ಗೇಟಿನೊಳಗೆ ಕಾಲಿಡುವುದಿಲ್ಲ.

ಮೂರನೇ ಹಂತ: ಉಸಿರು ನಿಲ್ಲುವ ಹೊತ್ತು

ಬೇರೆಲ್ಲ ಹಂತ ಮರೆತರೂ ಇದನ್ನು ಮರೆಯಬೇಡಿ. ಅತಿಸೇವನೆಯಾದವನ ಮನೆಗೆ ಹೋದಾಗ ಮನೆಯವರು ಹೇಳುವ ಮಾತು: "ಗೊರಕೆ ಹೊಡೀತಾ ಇದ್ದಾನೆ, ಮಲಗ್ಲಿ ಬಿಡಿ." ಆ ಗೊರಕೆಯೇ ಅಪಾಯದ ಗಂಟೆ. ನಾಲಗೆ ಹಿಂದೆ ಜಾರಿ, ಗಂಟಲು ಅರ್ಧ ಮುಚ್ಚಿ, ಗೊರಗೊರ ಸದ್ದು ಬರುತ್ತಿರುತ್ತದೆ. ಲೈಟು ಹಾಕಿ ತುಟಿ ನೋಡಿ, ನೀಲಿ ಅಥವಾ ಬೂದಿ ಬಣ್ಣಕ್ಕೆ ತಿರುಗಿರಬಹುದು. ರೆಪ್ಪೆ ಎತ್ತಿ ನೋಡಿ, ಪಾಪೆ ಸೂಜಿಮೊನೆಯಷ್ಟು. ಎದೆಯ ಏರಿಳಿತವನ್ನು ಗಡಿಯಾರ ಹಿಡಿದು ಎಣಿಸಿ. ನಿಮಿಷಕ್ಕೆ ಹತ್ತಕ್ಕಿಂತ ಕಡಿಮೆಯಾಗಿದ್ದು, ಕೂಗಿದರೂ ಎದೆಮೂಳೆಯನ್ನು ಗೆಣ್ಣಿನಿಂದ ಉಜ್ಜಿದರೂ ಏಳದಿದ್ದರೆ ಒಂದು ಕ್ಷಣವೂ ಕಾಯಬೇಡಿ.

ಒಬ್ಬರು 108ಕ್ಕೆ ಕರೆ ಮಾಡಲಿ. "ಉಸಿರಾಟ ನಿಲ್ತಾ ಇದೆ, ಏಳ್ತಾ ಇಲ್ಲ" ಎಂದು ಮೊದಲ ವಾಕ್ಯದಲ್ಲೇ ಹೇಳಲಿ. ಇನ್ನೊಬ್ಬರು ಅಂಗಾತ ಮಲಗಿಸಿ, ಬಾಯಲ್ಲಿ ಏನಾದರೂ ಇದ್ದರೆ ತೆಗೆದು, ಹಣೆ ಹಿಂದಕ್ಕೆ ಬಾಗಿಸಿ ಗದ್ದ ಎತ್ತಿ, ಮೂಗು ಹಿಡಿದು ಉಸಿರು ಊದಲಿ. ಐದಾರು ಸೆಕೆಂಡಿಗೆ ಒಂದು ಊದು, ಎದೆ ಮೇಲೇಳುವುದು ಕಾಣಬೇಕು. ಕೈಯಿಂದ ಒತ್ತಿ ಗಾಳಿ ಊದುವ ಆಂಬು ಬ್ಯಾಗ್ ಇದ್ದರೆ ಇನ್ನೂ ಒಳ್ಳೆಯದು. ಇವನಿಗೆ ಕೊರತೆಯಾಗಿರುವುದು ಆಮ್ಲಜನಕ. ಆದ್ದರಿಂದ ಬೇರೆಲ್ಲಕ್ಕಿಂತ ಮೊದಲು ಉಸಿರು. ನಾಡಿ ಸಿಗದಿದ್ದರೆ ಎದೆ ಒತ್ತುವುದನ್ನು ಶುರುಮಾಡಿ, 30 ಒತ್ತಿಗೆ 2 ಊದು.

ನಲೋಕ್ಸೋನ್ ಇದ್ದರೆ ಈಗ ಕೊಡಬೇಕು. ಒಪಿಯಾಯ್ಡ್ ಮೆದುಳಿನಲ್ಲಿ ಕೂತ ಜಾಗದಿಂದ ಅದನ್ನು ತಳ್ಳಿ ಉಸಿರನ್ನು ಮರಳಿಸುವ ಔಷಧ ಇದು. ಅಮೆರಿಕದಲ್ಲಿ ಇದರ ಮೂಗಿನ ಸ್ಪ್ರೇ 2023ರಿಂದ ಚೀಟಿಯಿಲ್ಲದೆ ಸಿಗುತ್ತಿದೆ, ಗ್ರಂಥಾಲಯದವರೂ ಬಸ್ಸಿನವರೂ ಇಟ್ಟುಕೊಳ್ಳುತ್ತಾರೆ. ನಮ್ಮಲ್ಲಿ ಸಾಮಾನ್ಯವಾಗಿ ಇರುವುದು 0.4 ಮಿಲಿಗ್ರಾಂನ ಚುಚ್ಚುಮದ್ದು. ತೊಡೆ ಅಥವಾ ತೋಳಿನ ಮಾಂಸಖಂಡಕ್ಕೆ ಒಂದು ಆಂಪೂಲ್, ಎರಡು ಮೂರು ನಿಮಿಷದಲ್ಲಿ ಉಸಿರು ಸುಧಾರಿಸದಿದ್ದರೆ ಇನ್ನೊಂದು. ನಡುವೆ ಊದುವುದನ್ನು ನಿಲ್ಲಿಸಬಾರದು. ಎದ್ದು ಕೂತು ಮಾತಾಡಬೇಕು ಎಂಬ ಹಟ ಬೇಡ, ಉಸಿರು ಸರಿಯಾದರೆ ಸಾಕು. ಹೆಚ್ಚು ಕೊಟ್ಟರೆ ಮೈಯಲ್ಲಿದ್ದ ಒಪಿಯಾಯ್ಡ್ ಒಮ್ಮೆಲೇ ಕಳಚಿ, ವಾಂತಿ, ಒದ್ದಾಟ, ಕೋಪದಲ್ಲಿ ಓಡಿಹೋಗುವ ಸಾಧ್ಯತೆ ಇರುತ್ತದೆ.

ಓಡಿಹೋಗಲು ಬಿಡಲೇಬಾರದು. ನಲೋಕ್ಸೋನ್‌ನ ಪರಿಣಾಮ 30ರಿಂದ 90 ನಿಮಿಷ. ನುಂಗಿದ ಗುಳಿಗೆ ಅದಕ್ಕಿಂತ ಹೆಚ್ಚು ಹೊತ್ತು ಮೈಯಲ್ಲಿರುತ್ತದೆ. ಎದ್ದು ಚಹ ಕುಡಿದವನು ಒಂದು ತಾಸಿನ ನಂತರ ಮತ್ತೆ ಮುಳುಗಬಹುದು. ಜೊಯಿಡಾದ ಒಳಹಳ್ಳಿಯಿಂದಲೋ ದೇವಿಮನೆ ಘಟ್ಟದ ಬುಡದಿಂದಲೋ ಆಸ್ಪತ್ರೆಗೆ ಹೋಗುವ ದಾರಿಯಲ್ಲೇ ಅಷ್ಟು ಹೊತ್ತು ಕಳೆದುಹೋಗುತ್ತದೆ. ಆದ್ದರಿಂದ ಎರಡನೇ, ಮೂರನೇ ಆಂಪೂಲ್ ಆಂಬುಲೆನ್ಸಿನಲ್ಲೂ ಜೊತೆಗಿರಬೇಕು. ಉಸಿರು ಮರಳಿದ ಮೇಲೆ ಎಡಮಗ್ಗುಲಿಗೆ ಮಲಗಿಸಿ, ವಾಂತಿಯಾದರೂ ಶ್ವಾಸನಾಳಕ್ಕೆ ಇಳಿಯುವುದಿಲ್ಲ.

ಟ್ರಮಡಾಲ್ ಬಗ್ಗೆ ಪ್ರತ್ಯೇಕ ಎಚ್ಚರಿಕೆ: ದಿನಕ್ಕೆ 400 ಮಿಲಿಗ್ರಾಂ ಅದರ ಮೇರೆ. ಅದನ್ನು ಮೀರಿದವರಿಗೆ ಫಿಟ್ಸ್ ಬರುವ ಅಪಾಯ ಹೆಚ್ಚು, ನಲೋಕ್ಸೋನ್ ಅದರ ಪರಿಣಾಮವನ್ನು ಪೂರ್ತಿ ತೆಗೆಯುವುದಿಲ್ಲ. ಊರಲ್ಲಿ ಯಾರಿಗಾದರೂ ಮೊದಲಿಲ್ಲದ ಫಿಟ್ಸ್ ಬಂದರೆ ಗುಳಿಗೆಯ ಹಾಳೆ ಹುಡುಕಿ. ಸಾರಾಯಿ, ಗಾಂಜಾ, ನಿದ್ದೆ ಗುಳಿಗೆಗೆ ನಲೋಕ್ಸೋನ್ ಕೆಲಸ ಮಾಡುವುದಿಲ್ಲ. ಆದರೆ ಏನು ತೆಗೆದುಕೊಂಡಿದ್ದಾನೆ ಗೊತ್ತಿಲ್ಲದಿದ್ದರೂ ಕೊಡಬಹುದು, ಒಪಿಯಾಯ್ಡ್ ಇಲ್ಲದ ಮೈಗೆ ಅದರಿಂದ ಕೇಡಾಗುವುದಿಲ್ಲ.

ತಲೆಗೆ ನೀರು ಸುರಿಯುವುದು, ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವುದು, ಮಜ್ಜಿಗೆ ಹುಯ್ಯುವುದು, ಕೆನ್ನೆಗೆ ಬಾರಿಸುವುದು: ಮನೆಯವರು ಇದೆಲ್ಲ ಮಾಡುತ್ತಿದ್ದರೆ ನಿಲ್ಲಿಸಿ. ಎಚ್ಚರವಿಲ್ಲದವನ ಬಾಯಿಗೆ ಹಾಕಿದ್ದು ಶ್ವಾಸಕೋಶಕ್ಕೆ ಇಳಿಯುತ್ತದೆ.

ಇದಕ್ಕೆ ಮೊದಲೇ ಮಾಡಿಟ್ಟುಕೊಳ್ಳಬೇಕಾದ ಕೆಲಸವೊಂದಿದೆ. ನಿಮ್ಮ ಪಿಎಚ್‌ಸಿಯ ತುರ್ತು ಟ್ರೇಯಲ್ಲಿ ನಲೋಕ್ಸೋನ್ ಇದೆಯೇ, ಅವಧಿ ಯಾವಾಗ ಮುಗಿಯುತ್ತದೆ, ವೈದ್ಯರಿಲ್ಲದ ಹೊತ್ತಿನಲ್ಲಿ ಯಾರು ಚುಚ್ಚಬಹುದು ಎಂಬುದನ್ನು ವೈದ್ಯಾಧಿಕಾರಿಯಿಂದ ಬರೆಸಿ ಗೋಡೆಗೆ ಹಚ್ಚಿ. ಇಲ್ಲದಿದ್ದರೆ ಮುಂದಿನ ಇಂಡೆಂಟಿನಲ್ಲೇ ಸೇರಿಸಿ. ಊದುವುದನ್ನು ಮಾತ್ರ ಯಾರೂ ಕಲಿಯಬಹುದು. ಆಶಾ ಸಭೆಯಲ್ಲಿ ಒಂದು ತಾಸು ತೆಗೆದು ಬೊಂಬೆಯ ಮೇಲೆ ಕಲಿಸಿ. ಬೋಟು ನಡೆಸುವ ತಾಂಡೇಲರಿಗೂ ಕಲಿಸಿ, ನಡುಗಡಲಿನಲ್ಲಿ 108 ಬರುವುದಿಲ್ಲ.

ನಾಲ್ಕನೇ ಹಂತ: ಚಿಕಿತ್ಸೆಗೆ ಸೇರಿಸುವುದು

ಕೊನೆಯ ಗುಳಿಗೆಯಾದ 8ರಿಂದ 24 ತಾಸಿನೊಳಗೆ ವಿತ್‌ಡ್ರಾವಲ್, ಅಂದರೆ ಔಷಧ ಸಿಗದ ಮೈಯ ಒದ್ದಾಟ, ಶುರು. ಎರಡು ಮೂರನೇ ದಿನ ಜೋರು. ವಾರ, ಹತ್ತು ದಿನದಲ್ಲಿ ಮೈ ತಣಿಯುತ್ತದೆ. ಮನೆಯವರು ಕೋಣೆಯೊಳಗೆ ಕೂಡಿಹಾಕಿ "ಬಿಡಿಸುವ" ಪ್ರಯತ್ನ ಮಾಡುವುದು ಈ ದಿನಗಳಲ್ಲೇ. ಹತ್ತು ದಿನ ದಾಟಿದ ಮೇಲೆ ಎಲ್ಲರೂ ನಿರಾಳ. ಆದರೆ ನಿಜವಾದ ಅಪಾಯ ಆಗ ಶುರುವಾಗುತ್ತದೆ. ಆರೇಳು ಗುಳಿಗೆ ತಾಳಿಕೊಳ್ಳುತ್ತಿದ್ದ ಮೈ ಆ ಅಭ್ಯಾಸ ಕಳೆದುಕೊಂಡಿದೆ, ಆಸೆ ಮಾತ್ರ ಹಾಗೇ ಇದೆ. ಜಗಳವಾದ ಒಂದು ಸಂಜೆ ಹಳೇ ಲೆಕ್ಕದಲ್ಲಿ ಆರು ನುಂಗಿದರೆ ಉಸಿರು ನಿಲ್ಲುತ್ತದೆ. ಕೇಂದ್ರದಿಂದ ಬಂದವರು, ಜೈಲಿನಿಂದ ಬಿಡುಗಡೆಯಾದವರು ಮೊದಲ ಕೆಲವು ವಾರಗಳಲ್ಲಿ ಹೆಚ್ಚು ಸಾಯುವುದು ಇದರಿಂದಲೇ. ಬಿಡಿಸಿ ಕೈತೊಳೆದುಕೊಳ್ಳುವುದು ಚಿಕಿತ್ಸೆಯಾಗುವುದಿಲ್ಲ ಎಂದು ನಾನು ಇಷ್ಟು ಒತ್ತಿ ಹೇಳುವುದೂ ಇದಕ್ಕೇ.

ಚಿಕಿತ್ಸೆಯ ಮುಖ್ಯ ಔಷಧ ಬುಪ್ರೆನಾರ್ಫಿನ್, ಸಾಮಾನ್ಯವಾಗಿ ನಲೋಕ್ಸೋನ್ ಜೊತೆ ಸೇರಿಸಿದ ಗುಳಿಗೆ. ನಾಲಗೆಯ ಕೆಳಗೆ ಇಟ್ಟು ಪೂರ್ತಿ ಕರಗಿಸಬೇಕು, ನುಂಗಿದರೆ ಹೆಚ್ಚೇನೂ ಸಿಗುವುದಿಲ್ಲ. ಅದೂ ಒಂದು ಒಪಿಯಾಯ್ಡೇ. ಆದರೆ ಒಂದು ಮಟ್ಟದ ಮೇಲೆ ಅದರ ಪರಿಣಾಮ ಏರುವುದಿಲ್ಲ, ಹಾಗಾಗಿ ಅಮಲು ಕೊಡದೆ ಆಸೆ ಮತ್ತು ಒದ್ದಾಟವನ್ನು ಹಿಡಿದಿಡುತ್ತದೆ. ಇಂಥ ಬದಲಿ ಚಿಕಿತ್ಸೆಯಲ್ಲಿ ಉಳಿದವರ ಸಾವಿನ ಅಪಾಯ ಸುಮಾರು ಅರ್ಧಕ್ಕೆ ಇಳಿಯುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಅತ್ಯಗತ್ಯ ಔಷಧಗಳ ಪಟ್ಟಿಯಲ್ಲಿ ಇದು 2005ರಿಂದಲೂ ಇದೆ. ವ್ಯಸನ ಚಿಕಿತ್ಸೆ ನೀಡುವ ಆಸ್ಪತ್ರೆ, ಕೇಂದ್ರಗಳ ಮೂಲಕ ಕೊಡುವ ಔಷಧವಾದ್ದರಿಂದ ನಿಮ್ಮ ಕೆಲಸ ಅಲ್ಲಿಯವರೆಗೆ ತಲುಪಿಸುವುದು.

ಮೊದಲ ಡೋಸಿನ ಹೊತ್ತು ಬಹಳ ಮುಖ್ಯ. ಕೊನೆಯ ಗುಳಿಗೆಯಾಗಿ ಕಡಿಮೆಯೆಂದರೆ 12 ತಾಸು ಕಳೆದು, ವಿತ್‌ಡ್ರಾವಲ್ ಲಕ್ಷಣಗಳು ಕಣ್ಣಿಗೆ ಕಾಣುವಂತೆ ಶುರುವಾಗಿರಬೇಕು. ಅದಕ್ಕೆ ಮೊದಲೇ ಕೊಟ್ಟರೆ ಒದ್ದಾಟ ಒಮ್ಮೆಲೇ ಸ್ಫೋಟಿಸುತ್ತದೆ, ರೋಗಿ ಆ ಔಷಧವನ್ನೇ ದ್ವೇಷಿಸುತ್ತಾನೆ. ಅಂಕೋಲಾದಿಂದ ಬೆಳಿಗ್ಗೆ ಬಸ್ಸು ಹತ್ತುವವನಿಗೆ ಹಿಂದಿನ ರಾತ್ರಿಯೇ ಫೋನ್ ಮಾಡಿ, ಊಟದ ನಂತರ ಗುಳಿಗೆ ಬೇಡ, ಬೆಳಿಗ್ಗೆ ಮೈಕೈ ನೋವು ಬಂದರೂ ಹೆದರಬೇಡ, ಆ ನೋವು ಇದ್ದರೇನೇ ಡಾಕ್ಟರ್ರು ಔಷಧ ಶುರುಮಾಡುವುದು ಎಂದು ಹೇಳಿ. ಸಾಧ್ಯವಾದರೆ ಜೊತೆಗೆ ಹೋಗಿ.

ಎಲ್ಲಿಗೆ? ತಾಲೂಕು ಆಸ್ಪತ್ರೆಯಲ್ಲಿ ಮಂಗಳವಾರದ ಮನೋಚೈತನ್ಯ ಕ್ಲಿನಿಕ್ಕಿಗೆ ಮನೋವೈದ್ಯರು ಯಾವಾಗ ಬರುತ್ತಾರೆ ಎಂದು ವಿಚಾರಿಸಿಟ್ಟುಕೊಳ್ಳಿ. ಕಾರವಾರದಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ ಕ್ರಿಮ್ಸ್ ಇದೆ. ಮುಂಡಗೋಡ, ಹಳಿಯಾಳ, ಯಲ್ಲಾಪುರದವರಿಗೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಹತ್ತಿರ. ಭಟ್ಕಳ, ಹೊನ್ನಾವರದವರು ಮಣಿಪಾಲ, ಮಂಗಳೂರಿನ ಕಡೆ ಹೋಗುತ್ತಾರೆ. ಎಲ್ಲಿಗೂ ಹೋಗಲಾಗದವರಿಗೆ, ಮಧ್ಯರಾತ್ರಿಗೂ, ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿಮಾನಸ್ 14416 ಇದೆ. 2022ರ ಅಕ್ಟೋಬರ್ 10ರಂದು ಶುರುವಾದ ಈ ಉಚಿತ ಸೇವೆಯಲ್ಲಿ ಕನ್ನಡದಲ್ಲೇ ಮಾತಾಡಬಹುದು. ವ್ಯಸನಕ್ಕೆಂದೇ ಇರುವ ರಾಷ್ಟ್ರೀಯ ಸಹಾಯವಾಣಿ 14446. ವೈದ್ಯರಿಗೆ, ನರ್ಸುಗಳಿಗೆ ನಿಮ್ಹಾನ್ಸ್ ಆನ್‌ಲೈನ್ ತರಬೇತಿ ಕೊಡುತ್ತದೆ. ನಮ್ಮಂಥ ದೂರದ ಜಿಲ್ಲೆಯವರಿಗೇ ಅದು ಹೆಚ್ಚು ಬೇಕಾದದ್ದು.

ಕ್ಲಿನಿಕ್ಕಿನ ದಿನ ಬರುವವರೆಗೆ ಪಿಎಚ್‌ಸಿಯಲ್ಲಿ ಮಾಡಬಹುದಾದದ್ದು ಕಡಿಮೆಯೇನಿಲ್ಲ. ಭೇದಿಗೆ ಓಆರ್‌ಎಸ್ ಮತ್ತು ಲೋಪೆರಮೈಡ್, ವಾಂತಿಗೆ ಒಂಡಾನ್‌ಸೆಟ್ರಾನ್, ಮೈಕೈ ನೋವಿಗೆ ಪ್ಯಾರಾಸಿಟಮಾಲ್ ಅಥವಾ ಐಬುಪ್ರೊಫೆನ್, ಬಿಪಿ ನೋಡಿಕೊಂಡು ವೈದ್ಯರು ಬರೆದ ಕ್ಲೋನಿಡಿನ್. ಒಪಿಯಾಯ್ಡ್ ವಿತ್‌ಡ್ರಾವಲ್ ಜೀವ ತೆಗೆಯುವುದು ಅಪರೂಪ, ನೀರು ಬತ್ತದಂತೆ ನೋಡಿಕೊಂಡರೆ ದಾಟುತ್ತದೆ. ಸಾರಾಯಿಯನ್ನೋ ನಿದ್ದೆ ಗುಳಿಗೆಯನ್ನೋ ಒಮ್ಮೆಲೇ ಬಿಟ್ಟವನಿಗೆ ಮಾತ್ರ ಫಿಟ್ಸ್, ಸನ್ನಿ ಬಂದು ಸಾವೂ ಆಗಬಹುದು. ಎರಡೂ ಇರುವವನನ್ನು ಮನೆಯಲ್ಲಿ ಇಟ್ಟುಕೊಳ್ಳಬೇಡಿ, ಸೇರಿಸಿ.

"ಒಂದು ಚಟ ಬಿಡಿಸಿ ಇನ್ನೊಂದು ಹಚ್ಚಿದ್ರಲ್ಲ" ಎಂದು ಮನೆಯವರು ಕೇಳಿಯೇ ಕೇಳುತ್ತಾರೆ. ಬಿಪಿಗೆ ದಿನಾ ಗುಳಿಗೆ ತೆಗೆದುಕೊಳ್ಳುವ ಅಪ್ಪನನ್ನು ಚಟಗಾರ ಎನ್ನುತ್ತೀರಾ ಎಂದು ತಿರುಗಿ ಕೇಳಿ. ತಿಂಗಳುಗಳಲ್ಲ, ವರ್ಷಗಳೂ ಬೇಕಾಗಬಹುದು. ಕೆಲಸಕ್ಕೆ ಹೋಗುತ್ತಿದ್ದಾನೆ, ಮಕ್ಕಳ ಜೊತೆ ಕೂತು ಉಣ್ಣುತ್ತಾನೆ ಎಂದಾದರೆ ಔಷಧ ನಿಲ್ಲಿಸುವ ಅವಸರವೇಕೆ? ನಿಲ್ಲಿಸುವುದನ್ನು ವೈದ್ಯರು ನಿಧಾನ ಇಳಿಸುತ್ತಾ ನಿರ್ಧರಿಸಲಿ.

ಹಣ ಕಟ್ಟಿಸಿಕೊಂಡು ಸರಪಳಿ ಹಾಕುವ, ಹೊಡೆಯುವ ಕೇಂದ್ರಗಳ ಬಗ್ಗೆ ಮನೆಯವರನ್ನು ಎಚ್ಚರಿಸಿ. 2017ರ ಕಾಯ್ದೆಯಡಿ ಸರಪಳಿ ಹಾಕುವುದು ನಿಷಿದ್ಧ. ದಾಖಲು ಮಾಡಿಕೊಂಡು ಚಿಕಿತ್ಸೆ ಕೊಡುವ ಕೇಂದ್ರ ನೋಂದಾಯಿತವಾಗಿರಬೇಕು. ಸೇರಿಸುವ ಮೊದಲು ನೋಂದಣಿ ಪತ್ರ ತೋರಿಸಲು ಹೇಳಿ.

ಐದನೇ ಹಂತ: ಕಡಲು ಮುಚ್ಚಿದಾಗ, ರಸ್ತೆ ಮುಚ್ಚಿದಾಗ

ಯಾಂತ್ರಿಕ ಬೋಟುಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಮೀನುಗಾರಿಕೆ ಬಂದ್. ಉಳಿದ ತಿಂಗಳು ಹತ್ತು ದಿನ ಕಡಲಲ್ಲಿ, ಎರಡು ದಿನ ದಕ್ಕೆಯಲ್ಲಿ ಇರುವ ಮನುಷ್ಯನಿಗೆ ವಾರಕ್ಕೊಮ್ಮೆ ಕ್ಲಿನಿಕ್ಕಿಗೆ ಬಾ ಎಂದರೆ ಅರ್ಥವಿಲ್ಲ. ಚಿಕಿತ್ಸೆ ಶುರುಮಾಡಲು ಈ ಎರಡು ತಿಂಗಳನ್ನು ಬಿಟ್ಟರೆ ಒಳ್ಳೆಯ ಕಾಲ ಸಿಗದು. ಮೇ ತಿಂಗಳಲ್ಲೇ ಬಂದರಿನಲ್ಲಿ ಶಿಬಿರ ಮಾಡಿ, ಹೆಸರು ಪಡೆದು, ಜೂನ್ ಮೊದಲ ವಾರ ಕ್ಲಿನಿಕ್ಕಿಗೆ ಕಳುಹಿಸಿ. ಹೊರರಾಜ್ಯಗಳ ಖಲಾಶಿಗಳು ಅದೇ ಹೊತ್ತಿಗೆ ಊರಿಗೆ ಹೊರಡುತ್ತಾರೆ, ಅವರಿಗೆ ಚಿಕಿತ್ಸೆಯ ಚೀಟಿ ಕೈಗೆ ಕೊಟ್ಟು, ಅವರ ಊರಿನಲ್ಲೂ 14416ರ ಕರೆ ಅವರ ಭಾಷೆಯಲ್ಲೇ ಸಿಗುತ್ತದೆ ಎಂದು ತಿಳಿಸಿ. ಆಗಸ್ಟ್‌ನಲ್ಲಿ ಬೋಟು ಇಳಿಯುವ ಮೊದಲು ಕಡಲಿನ ದಿನಗಳ ಔಷಧ ಹೇಗೆ ಎಂದು ಮನೋವೈದ್ಯರ ಜೊತೆ ಮಾತಾಡಿ ತೀರ್ಮಾನ ಮಾಡಿಸಿ.

ಮಳೆಗಾಲಕ್ಕೆ ಇನ್ನೊಂದು ಮುಖವಿದೆ. 2024ರ ಜುಲೈ 16ರಂದು ಶಿರೂರಿನ ಗುಡ್ಡ ಕುಸಿದು ಹೆದ್ದಾರಿ ದಿನಗಟ್ಟಲೆ ಮುಚ್ಚಿತು. ಆಗಸ್ಟ್ 7ರಂದು ಕಾಳಿ ನದಿಯ ಹಳೇ ಸೇತುವೆ ಬಿತ್ತು. ಘಟ್ಟದ ರಸ್ತೆಗಳ ಕಥೆ ಹೇಳುವುದೇ ಬೇಡ. ಬುಪ್ರೆನಾರ್ಫಿನ್ ಮೂರು ದಿನ ಸಿಗದಿದ್ದರೆ ರೋಗಿ ಹಳೇ ಅಂಗಡಿ ಹುಡುಕಿಕೊಂಡು ಹೋಗುತ್ತಾನೆ. ಜೂನ್‌ಗೆ ಮೊದಲೇ ಪ್ರತಿಯೊಬ್ಬ ರೋಗಿಗೂ ರಸ್ತೆ ಮುಚ್ಚಿದರೆ ಎಲ್ಲಿಂದ ಔಷಧ ಎಂದು ಎರಡನೇ ದಾರಿ ಬರೆದಿಟ್ಟುಕೊಳ್ಳಿ.

ಆರನೇ ಹಂತ: ಮೆಡಿಕಲ್ ಶಾಪಿನವರು ಮತ್ತು ಚೀಟಿ ಬರೆಯುವವರು

ಟ್ರಮಡಾಲ್, ಕೊಡೀನ್, ಪೆಂಟಜೋಸಿನ್, ಅಲ್ಪ್ರಜೋಲಾಮ್ ಇವೆಲ್ಲ ವೈದ್ಯರ ಚೀಟಿಯಿಲ್ಲದೆ ಮಾರಬಾರದ ಔಷಧಗಳ ಎಚ್1 ಪಟ್ಟಿಯಲ್ಲಿವೆ. ವೈದ್ಯರ ಹೆಸರು, ರೋಗಿಯ ಹೆಸರು, ಔಷಧ, ಪ್ರಮಾಣವನ್ನು ಪ್ರತ್ಯೇಕ ರಿಜಿಸ್ಟರಿನಲ್ಲಿ ಬರೆದು ಮೂರು ವರ್ಷ ಇಡಬೇಕು. ಹಳೇ ಚೀಟಿ ಹಿಡಿದು ಬರುವ ಪರಿಚಯದ ಗಿರಾಕಿಯನ್ನು ಬರಿಗೈಲಿ ಬೈದು ಕಳಿಸುವ ಬದಲು, ಕೌಂಟರಿನಲ್ಲಿ 14416ರ ಚೀಟಿಯೊಂದನ್ನು ಕೊಟ್ಟು ಪಿಎಚ್‌ಸಿಗೆ ಕಳಿಸುವಂತೆ ಅಂಗಡಿಯವರನ್ನು ಒಪ್ಪಿಸಿ. ಅವರಲ್ಲಿ ಹಲವರು ಊರಿನ ಹಿತ ಬಯಸುವವರೇ.

ವೈದ್ಯರಿಗೆ ಒಂದು ವಿನಂತಿ: ಬೆನ್ನುನೋವಿಗೆ ಮೊದಲ ದಿನವೇ ಟ್ರಮಡಾಲ್ ಬೇಡ. ಬೇಕೇಬೇಕಾದಾಗ ಮೂರರಿಂದ ಐದು ದಿನಕ್ಕೆ ಬರೆದು, ಮತ್ತೆ ನೋಡಿಯೇ ಮುಂದುವರಿಸಿ. ಆದರೆ ಚಟದ ಹೆದರಿಕೆಯಿಂದ ಕ್ಯಾನ್ಸರ್ ರೋಗಿಗೆ ಮಾರ್ಫಿನ್ ನಿರಾಕರಿಸಬೇಡಿ. ಆ ನೋವು ಕಂಡವರಿಗೆ ಗೊತ್ತು. ಅಂಥವರಿಗೆ ಸುಲಭವಾಗಿ ಸಿಗಲೆಂದೇ 2014ರಲ್ಲಿ ಕಾಯ್ದೆ ತಿದ್ದಿ ಮಾರ್ಫಿನ್‌ನಂಥವನ್ನು ಅತ್ಯಗತ್ಯ ಮಾದಕ ಔಷಧಗಳೆಂದು ಬೇರೆ ಮಾಡಲಾಗಿದೆ.

ಗರ್ಭಿಣಿಗೆ ಒಪಿಯಾಯ್ಡ್ ಚಟವಿದ್ದರೆ ಒಮ್ಮೆಲೇ ನಿಲ್ಲಿಸಬಾರದು, ಮಗುವಿಗೆ ಅಪಾಯ. ಪ್ರಸೂತಿ ವೈದ್ಯರು, ಮನೋವೈದ್ಯರು ಇಬ್ಬರೂ ಇರುವ ಆಸ್ಪತ್ರೆಗೆ ಬೇಗ ಕಳುಹಿಸಿ. ಸೂಜಿ ಬಳಸುವವರಿಗೆ ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ ಪರೀಕ್ಷೆ ತಪ್ಪಿಸಬೇಡಿ. ಹೆಪಟೈಟಿಸ್ ಸಿ ಈಗ ಕೆಲವೇ ತಿಂಗಳ ಗುಳಿಗೆಯಲ್ಲಿ ವಾಸಿಯಾಗುತ್ತದೆ, ಸರ್ಕಾರಿ ಕಾರ್ಯಕ್ರಮದಲ್ಲಿ ಔಷಧ ಉಚಿತ.

ಏಳನೇ ಹಂತ: ಮರಳಿ ಬಂದವನು

ಕೇಂದ್ರದಿಂದ ಬಂದ ಎರಡನೇ ದಿನ ಒಮ್ಮೆ, ಆಮೇಲೆ ಮೊದಲ ತಿಂಗಳು ವಾರಕ್ಕೊಮ್ಮೆ ಮನೆಗೆ ಹೋಗಿ. ಬೇರೆ ನೆಪದಲ್ಲಿ ಹೋಗಬಹುದು, ಬಿಪಿ ನೋಡಲು, ಮಗುವಿನ ಲಸಿಕೆಗೆ. ಹೆಂಡತಿಯನ್ನೋ ತಾಯಿಯನ್ನೋ ಬೇರೆ ಕೂರಿಸಿ ಮಾತಾಡಿ. ಅವರು ಎಷ್ಟು ಸಾಲ ತೀರಿಸುತ್ತಿದ್ದಾರೆ, ಎಷ್ಟು ರಾತ್ರಿ ಅವನ ಉಸಿರು ಕೇಳುತ್ತಾ ಕೂತಿದ್ದಾರೆ ಎಂಬುದನ್ನು ಯಾರೂ ಕೇಳಿರುವುದಿಲ್ಲ. ಗೊರಕೆಯ ಲಕ್ಷಣ, ಊದುವ ರೀತಿ ಇವರಿಗೇ ಮೊದಲು ಕಲಿಸಬೇಕು.

ಮತ್ತೆ ಶುರುಮಾಡಿದ್ದಾನೆ ಎಂದು ಗೊತ್ತಾದಾಗ ಮುಖ ಗಂಟಿಕ್ಕಬೇಡಿ. ಈ ಕಾಯಿಲೆಯಲ್ಲಿ ಮರುಕಳಿಸುವುದು ಸಾಮಾನ್ಯ, ಪ್ರತಿ ಸಲ ಚಿಕಿತ್ಸೆಗೆ ಮರಳುವ ದಾರಿ ತೆರೆದಿರಬೇಕು. ಮೂರು ಮಾತು ಕೇಳಿ: ಎಷ್ಟು ದಿನ ಬಿಟ್ಟಿದ್ದಿರಿ, ಈಗ ಎಷ್ಟು ತೆಗೆದುಕೊಂಡಿರಿ, ಒಬ್ಬರೇ ಇರುವಾಗ ತೆಗೆದುಕೊಂಡಿರಾ? ಬಿಟ್ಟ ದಿನಗಳು ಹೆಚ್ಚಿದ್ದು ಹಳೇ ಪ್ರಮಾಣಕ್ಕೇ ಮರಳಿದ್ದರೆ ಅಂದೇ ಕ್ಲಿನಿಕ್ಕಿಗೆ ಫೋನ್ ಮಾಡಿ ದಿನ ಗೊತ್ತುಮಾಡಿ. ಮಂಗಳವಾರದವರೆಗೆ ಕಾಯುವ ಹಾಗಿಲ್ಲ ಅನ್ನಿಸಿದರೆ ಅವನೆದುರೇ 14416 ಒತ್ತಿ, ಆ ಕಡೆಯಿಂದ ಮಾತು ಬಂದ ಮೇಲೆ ಫೋನನ್ನು ಅವನ ಕೈಗೆ ಕೊಡಿ, ಮಾತು ಮುಗಿಯುವವರೆಗೂ ಅಲ್ಲೇ ಕೂತಿರಿ.